ಕೊಲೆಗಾರ ಯಾರು ಅನ್ನೋದೊಂದೇ ಅಲ್ಲ

ಮಳೆ ಹಿಡಿದ ಮೇಲೆ ಪತ್ತೇದಾರಿ ಕಾದಂಬರಿ, ಥ್ರಿಲ್ಲರ್ ಸಿನಿಮಾಗಳ ಬಗ್ಗೆ ಪತ್ರಗಳು ಜಾಸ್ತಿ ಬಂದಿವೆ. ಅದಕ್ಕೇ ಈ ಸಲದ ಪುಟ ಪೂರ್ತಿ ಅವಕ್ಕೇ ಮೀಸಲು. ಸಾಗರ ಪೇಟೆಯಲ್ಲಿ ಕೂತು ನನಗೆ ತಿಳಿದಷ್ಟು ಉತ್ತರ ಬರೆದಿದ್ದೇನೆ.

ಅಕ್ಕಾ, ಕೊಲೆ ಮಾಡಿದ್ದು ಯಾರು ಅಂತ ಮೊದಲರ್ಧದಲ್ಲೇ ತೋರಿಸಿಬಿಟ್ಟರೆ ಉಳಿದ ಸಿನಿಮಾ ಯಾಕೆ ನೋಡಬೇಕು? ನನಗಂತೂ ಕೊನೆಯ ತಿರುವೇ ಮುಖ್ಯ.
— ಕಾಲೇಜು ವಿದ್ಯಾರ್ಥಿನಿ, ತೀರ್ಥಹಳ್ಳಿ

'ದೃಶ್ಯ' ನೋಡಿದ್ದೀಯಾ ತಂಗಿ? 2013ರಲ್ಲಿ ಮಲಯಾಳಂನಲ್ಲಿ ಬಂದ ಕಥೆ. ಮರುವರ್ಷವೇ ರವಿಚಂದ್ರನ್ ಕನ್ನಡದಲ್ಲಿ ಮಾಡಿದರು. ಏನಾಯಿತು, ಯಾರ ಕೈಯಿಂದ ಆಯಿತು, ಎಲ್ಲ ನಮ್ಮ ಕಣ್ಣೆದುರೇ ನಡೆಯುತ್ತದೆ. ಆಮೇಲೆ ನಾವು ಹೆದರುವುದು, ಆ ದಿನ ಊರಲ್ಲೇ ಇರಲಿಲ್ಲ ಅಂತ ತೋರಿಸಲು ಮನೆಯವರು ಇಟ್ಟುಕೊಂಡ ಬಸ್ ಟಿಕೆಟ್‌ಗೆ, ಹೋಟೆಲ್ ಬಿಲ್‌ಗೆ. ಪೊಲೀಸರೆದುರು ನಾಯಕನ ಸಣ್ಣ ಮಗಳು ಏನು ಹೇಳಿಬಿಡುತ್ತಾಳೋ ಅಂತ ಎದೆ ಹೊಡೆದುಕೊಳ್ಳುತ್ತದೆ. ಕೇಬಲ್ ಟಿವಿ ನಡೆಸುವ ಒಬ್ಬ ಸಾಧಾರಣ ಮನುಷ್ಯ, ಸಿನಿಮಾ ನೋಡಿ ನೋಡಿ ಕಲಿತ ಬುದ್ಧಿಯಿಂದ ಮನೆಯವರನ್ನು ಕಾಪಾಡಿಕೊಳ್ಳಬೇಕು. ತಿರುವಿನ ಬೆರಗು ಒಂದೇ ಸಲಕ್ಕೆ ಮುಗಿಯುತ್ತದೆ. ಈ ಭಯ ಎರಡನೇ ಸಲ ನೋಡುವಾಗಲೂ ಹಾಗೇ ಇರುತ್ತದೆ.

ತಿರುವು ಬೇಡ ಅಂತ ನಾನು ಹೇಳುತ್ತಿಲ್ಲ. ಅದರ ಸುಳಿವು ಮೊದಲೇ ನಮ್ಮ ಮುಂದೆ ಬಿದ್ದಿರಬೇಕು, ಅಷ್ಟೇ. ಅಲ್ಲಿಯವರೆಗೆ ಎಲ್ಲೂ ಕಾಣದ ತಮ್ಮನೊಬ್ಬ ಕೊನೆಯ ಹತ್ತು ನಿಮಿಷದಲ್ಲಿ ಬಂದು "ನಾನೇ ಕೊಂದದ್ದು" ಅಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಎರಡು ಗಂಟೆ ಗಮನ ಕೊಟ್ಟು ಕೂತವರಿಗೆ ಅದು ಮೋಸ.

ಮೇಡಂ, ಹುಡುಗನಾಗಿದ್ದಾಗ ಬಾಡಿಗೆಗೆ ತಂದು ಓದಿದ ಪತ್ತೇದಾರಿ ಕಾದಂಬರಿಗಳ ಬಗ್ಗೆ ನನಗೆ ಇವತ್ತಿಗೂ ಪ್ರೀತಿ. ಮಗ ಮಾತ್ರ "ಅದು ಸಾಹಿತ್ಯವೇ ಅಲ್ಲ" ಅನ್ನುತ್ತಾನೆ. ನೀವೇನಂತೀರಿ?
— ನಿವೃತ್ತ ಕಾರ್ಖಾನೆ ನೌಕರರು, ಭದ್ರಾವತಿ

ನಾನು ನಿಮ್ಮ ಕಡೆಗೇ ಸರ್. ಎನ್. ನರಸಿಂಹಯ್ಯನವರು ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿವರೆಗೆ ಮಾತ್ರ. ಬರೆದದ್ದು ನೂರಾರು ಕಾದಂಬರಿ. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ ಅಂದರೆ ಒಂದು ತಲೆಮಾರಿಗೆ ಮನೆಯವರಷ್ಟೇ ಹತ್ತಿರ. ಇವತ್ತು ತಂದು ನಾಳೆ ವಾಪಸ್ ಕೊಡಬೇಕು ಅನ್ನುವ ಅವಸರದಲ್ಲೇ ಎಷ್ಟೋ ಜನಕ್ಕೆ ಕನ್ನಡ ಸರಾಗವಾಗಿ ಓದುವುದು ಬಂತು. ಆ ಕಥೆಗಳಲ್ಲಿ ಕಾಕತಾಳೀಯ ಜಾಸ್ತಿ, ನಿಜ. ಆದರೆ "ಮುಂದೇನು?" ಅಂತ ಪುಟ ತಿರುಗಿಸುವ ಹಾಗೆ ಬರೆಯುವುದು ಸಣ್ಣ ವಿದ್ಯೆಯಲ್ಲ.

ಮಗನ ಕೈಗೆ ತೇಜಸ್ವಿಯವರ 'ಚಿದಂಬರ ರಹಸ್ಯ' ಕೊಡಿ. ಏಲಕ್ಕಿ ಸಂಶೋಧನೆ ಮಾಡುತ್ತಿದ್ದ ವಿಜ್ಞಾನಿಯ ಸಾವಿನ ಗುಟ್ಟು ಹುಡುಕಲು ಅಧಿಕಾರಿಯೊಬ್ಬ ಕೆಸರೂರಿಗೆ ಬರುತ್ತಾನೆ. ಪಕ್ಕಾ ಪತ್ತೇದಾರಿ ಕಥೆಯ ಶುರು, ಅಲ್ವಾ? ಹುಡುಕುತ್ತಾ ಹೋದ ಹಾಗೆ ಇಡೀ ಊರಿನ ಜಾತಿ, ಹಣ, ಕಾಡು ಎಲ್ಲ ಬಿಚ್ಚಿಕೊಳ್ಳುತ್ತದೆ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಈ ಕಾದಂಬರಿಗೇ.

ನಾನೊಂದು ಥ್ರಿಲ್ಲರ್ ಬರೆಯಬೇಕು ಅಂತಿದ್ದೇನೆ. ಗೆಳೆಯರು "ಕಥೆ ಬೆಂಗಳೂರಲ್ಲೋ ಮುಂಬೈಯಲ್ಲೋ ನಡೆಯಲಿ, ನಮ್ಮೂರಲ್ಲಿ ಏನಿದೆ?" ಅಂತಾರೆ. ಹೌದಾ ಅಕ್ಕಾ?
— ಅಡಿಕೆ ಬೆಳೆಗಾರ, ಹೊಸನಗರ

ಖಂಡಿತ ಅಲ್ಲ. ದಯವಿಟ್ಟು ನಿಮ್ಮೂರಿನದ್ದೇ ಬರೆಯಿರಿ. ತೇಜಸ್ವಿಯವರದ್ದೇ 'ಜುಗಾರಿ ಕ್ರಾಸ್' ಇನ್ನೊಂದು ಸಲ ತೆಗೆದು ನೋಡಿ. ಏಲಕ್ಕಿ ಮಾರಲು ಹೋದ ಗಂಡ ಹೆಂಡತಿ ಮನೆಗೆ ಮರಳುವ ಒಂದು ದಿನದ ಕಥೆ ಅದು. ಬೆಳೆ ಮಾರಿದ ದುಡ್ಡು ಇಟ್ಟುಕೊಂಡು ದಾರಿ ನಡೆಯುವ ಆತಂಕ ನಿಮಗೆ ಗೊತ್ತೇ ಇದೆ. ಅದನ್ನು ಬೇರೆಯವರಿಂದ ಕೇಳಿ ಬರೆಯಬೇಕಾಗಿಲ್ಲ.

ನಮ್ಮ ಶರಾವತಿ ಹಿನ್ನೀರನ್ನೇ ತೆಗೆದುಕೊಳ್ಳಿ. ಸಿಗಂದೂರು ಸೇತುವೆ ಓಡಾಟಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಅದಕ್ಕೆ ಮೊದಲು ಹಿನ್ನೀರು ದಾಟಿಸುವ ಲಾಂಚ್ ಸಂಜೆ ಕೊನೆಯ ಸಲ ಹೋಯಿತು ಅಂದರೆ ಆಚೆ ದಡದ ತುಮರಿ ಕಡೆಯವರಿಗೆ ಸಾಗರದ ದಾರಿ ಮುಚ್ಚಿತು. ಕಥೆಯನ್ನು ಸೇತುವೆಗೆ ಮೊದಲಿನ ಕಾಲದಲ್ಲಿಟ್ಟರೆ, ಕೊಲೆಗಾರ ಇನ್ನೂ ಆಚೆ ದಡದಲ್ಲೇ ಇದ್ದಾನೆ ಅಂತ ಎಲ್ಲರೂ ನಂಬುತ್ತಾರೆ. ಕೊಲ್ಲೂರಿನ ಕಡೆಯಿಂದ ಸುತ್ತಿಬಳಸಿ ಹೊರಬೀಳುವ ರಸ್ತೆ ಇದೆ ಅನ್ನುವುದು ಊರಿನವರಿಗಷ್ಟೇ ನೆನಪಾಗುತ್ತದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದು ಮುಳುಗಿದ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದೆ. ಹಿಂದೊಮ್ಮೆ ಯಾರೋ ಹಿನ್ನೀರಿಗೆ ತಳ್ಳಿದ ಜೀಪು ಕೂಡ ಅಂಥ ಬೇಸಿಗೆಯಲ್ಲಿ ಕಾಣಬಹುದಲ್ಲ?

ಸುಳಿವುಗಳೂ ನಿಮ್ಮ ತೋಟದಲ್ಲೇ ಇವೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆದ ದಿನ ಅಂಗಿಯ ಮೇಲೆ ಮೈಲುತುತ್ತದ ನೀಲಿ ಕಲೆ ಉಳಿಯುತ್ತದೆ. "ಬೆಳಿಗ್ಗೆಯಿಂದ ಪೇಟೆಯಲ್ಲೇ ಇದ್ದೆ" ಅನ್ನುವವನ ತೋಳಿನಲ್ಲಿ ಆ ಕಲೆ ಹಸಿಯಾಗಿ ಇದ್ದರೆ? ಹೊರಗಿನಿಂದ ಬಂದ ಇನ್‌ಸ್ಪೆಕ್ಟರ್‌ಗೆ ಅದು ಬರೀ ಬಣ್ಣ. ಪಕ್ಕದ ಮನೆಯ ಹೆಂಗಸಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನನ್ನ ಕೇಳಿದರೆ ಪತ್ತೇದಾರಿಕೆಯನ್ನು ಅವಳ ಕೈಗೇ ಕೊಡಿ. ಇಂಥ ಹೆಂಗಸರು ನಮ್ಮ ಕಾದಂಬರಿಗಳಲ್ಲಿ ಇನ್ನೂ ಬರಬೇಕು.

ಮಂಜು, ಹಾಳು ಮನೆ, ಗೆಜ್ಜೆ ಸದ್ದು ಮಾತ್ರ ಬೇಡ. ನಮ್ಮ ಕಡೆಯ ಹೆಸರಿನಲ್ಲಿ ಅದನ್ನು ಸುಮ್ನೆ ಸಾಕಷ್ಟು ತೋರಿಸಿ ಆಗಿದೆ. ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳದಷ್ಟು ದೂರ, ಮಳೆಗೆ ಹೋದ ಕರೆಂಟು, ಗುಡ್ಡ ಹತ್ತಿದರೆ ಮಾತ್ರ ಸಿಗುವ ನೆಟ್‌ವರ್ಕ್. ಹೆದರಿಕೆಗೆ ಇವು ಸಾಲದೇ? ಮೊದಲ ಅಧ್ಯಾಯ ಬರೆದಾದ ಮೇಲೆ ಕಳಿಸಿ, ಖಂಡಿತ ಓದುತ್ತೇನೆ.

ಹೈಸ್ಕೂಲ್ ಮಗನಿಗೆ ಬರೀ ಹೊಡೆದಾಟದ ಸಿನಿಮಾ ಹುಚ್ಚು. ಅವನ ಜೊತೆ ಕೂತು ನೋಡುವಂಥ, ರಕ್ತ ಕಡಿಮೆ ಇರುವ ಥ್ರಿಲ್ಲರ್ ಹೇಳಿ.
— ಗೃಹಿಣಿ, ಶಿವಮೊಗ್ಗ

'ಯೂಟರ್ನ್' (2016) ಹಾಕಿ. ಬೆಂಗಳೂರಿನ ಮೇಲ್ಸೇತುವೆಯಲ್ಲಿ ರಸ್ತೆ ನಡುವಿನ ಕಲ್ಲು ಸರಿಸಿ ಅಡ್ಡ ತಿರುಗುವ ಸವಾರರಿಂದ ಕಥೆ ಹುಟ್ಟುತ್ತದೆ. ನೋಡಿದ ಮೇಲೆ ಮಗ ರಸ್ತೆಯಲ್ಲಿ ಸ್ವಲ್ಪ ಹುಷಾರಾದರೂ ಆಗಬಹುದು. ಅದು ಹಿಡಿಸಿದರೆ 'ಕವಲುದಾರಿ' (2019). ಅದರ ನಾಯಕ ಟ್ರಾಫಿಕ್ ಪೊಲೀಸ್. ಕೊಲೆ ತನಿಖೆ ಅವನ ಕೆಲಸವೇ ಅಲ್ಲ, ಆದರೂ ಬಿಡಲಾರ. ಅನಂತ್‌ನಾಗ್ ಅವರ ನಟನೆ ಒಂದಕ್ಕೇ ಆ ಸಿನಿಮಾ ನೋಡಬಹುದು. ಹೊಡೆದಾಟ ಕೆಟ್ಟದ್ದು ಅಂತ ಮಗನಿಗೆ ಬೈಯಬೇಡಿ. ಏಟು ತಿಂದ ಹೀರೋಗೂ ನೋವಾಗುವ ಸಿನಿಮಾ ಆರಿಸಿಕೊಡಿ.

ಸಿನಿಮಾ ನೋಡಿ ಬಂದವರು ಕ್ಲೈಮ್ಯಾಕ್ಸ್ ಹೇಳಿಬಿಡುತ್ತಾರೆ. ಏನು ಮಾಡಲಿ?
— ಅಂಗಡಿ ಮಾಲೀಕರು, ಸೊರಬ

ಆ ವಾರ ವಾಟ್ಸಾಪ್ ಗ್ರೂಪ್‌ಗಳನ್ನು ಮ್ಯೂಟ್ ಮಾಡಿಡಿ. ಅಂಗಡಿಗೆ ಬಂದು "ಕೊನೆಗೆ ಏನಾಗುತ್ತೆ ಗೊತ್ತಾ..." ಅಂತ ಶುರು ಮಾಡಿದವರಿಗೆ "ನಾನಿನ್ನೂ ನೋಡಿಲ್ಲ, ಹೇಳಬೇಡಿ" ಅಂತ ನೇರವಾಗಿ ಹೇಳಿ. ಸಂಕೋಚ ಬೇಡ.