ವಚನ ಕೈಲಿದ್ದರೆ ಸಾಕೇ?

ಓದುಗರ ಪತ್ರ: ಸಂಪಾದಕರಿಗೆ ವಂದನೆ. ನಮ್ಮದು ಲೂಥರನ್ ಕುಟುಂಬ, ಹದಿನಾರನೇ ಶತಮಾನದ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್ ಹಾದಿಯ ಸಭೆಯವರು. ಅಮ್ಮನಿಗೆ ಸ್ಟ್ರೋಕ್ ಆಗಿ ಎಂಟು ತಿಂಗಳಾಯಿತು. ಬಲಗೈ ಏಳುವುದಿಲ್ಲ, ಮಾತು ಹೊರಡುವುದಿಲ್ಲ. ಕರ್ತನ ಪ್ರಾರ್ಥನೆ ಹೇಳಿದಾಗ ಮಾತ್ರ ತುಟಿ ಅಲುಗುತ್ತದೆ. ಹೋದ ತಿಂಗಳು ಮನೆಯ ಪ್ರಾರ್ಥನಾ ಕೂಟಕ್ಕೆ ಬಂದ ಬೋಧಕರೊಬ್ಬರು ಬೈಬಲ್‌ನ ಯಾಕೋಬನ ಪತ್ರಿಕೆಯಿಂದ, ನಂಬಿಕೆಯಿಂದ ಮಾಡಿದ ಪ್ರಾರ್ಥನೆ ರೋಗಿಯನ್ನು ಉಳಿಸುತ್ತದೆ ಎನ್ನುವ 5:15ನೇ ವಚನ ಓದಿ, ‘ಈ ಮನೆಯಲ್ಲಿ ನಂಬಿಕೆ ಸಾಲದು. ಮಾತ್ರೆ ನಂಬುತ್ತೀರಿ, ದೇವರ ವಾಕ್ಯ ನಂಬುವುದಿಲ್ಲ’ ಎಂದರು. ನಾನು ಎದುರಾಡಿದೆ. ಅದಕ್ಕೆ ತಮ್ಮ, ‘ವಾಕ್ಯವೇ ದೊಡ್ಡದು ಅಂತ ಲೂಥರ್ ಹೇಳಿಲ್ವಾ? ನಾವು ಮನುಷ್ಯರು ಬರೆದ ಕ್ಯಾಟೆಕಿಸಂ ಅನ್ನುವ ಪ್ರಶ್ನೋತ್ತರ ಪುಸ್ತಕ ಹಿಡಿದು ಕೂತಿದ್ದೇವೆ’ ಎಂದ. ನನಗೆ ಉತ್ತರ ತೋಚಲಿಲ್ಲ. ಯಾರು ಸರಿ?
– ಓದುಗರು, ಲಿಂಗರಾಜಪುರ, ಬೆಂಗಳೂರು

ಸಂಪಾದಕರ ಉತ್ತರ: ಸಹೋದರಿ, ಮೊದಲು ಒಂದು ಮಾತು. ಅಮ್ಮನ ಮಾತ್ರೆ ನಿಲ್ಲಿಸಬೇಡಿ.

1527ರಲ್ಲಿ ಲೂಥರ್ ಇದ್ದ ಜರ್ಮನಿಯ ವಿಟೆನ್‌ಬರ್ಗ್ ಊರಿಗೆ ಪ್ಲೇಗ್ ಬಂತು. ಲೂಥರ್ ಊರು ಬಿಡಲಿಲ್ಲ. ರೋಗಿಗಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿದರು. ಆ ದಿನಗಳಲ್ಲೇ ಅವರು ಒಂದು ದೊಡ್ಡ ಪತ್ರ ಬರೆದರು. ದೇವರ ಮೇಲೆ ಭಾರ ಹಾಕಿದ್ದೇವೆ ಅಂತ ಔಷಧಿಯನ್ನೇ ಬೇಡ ಅನ್ನುವವರಿಗೆ ಅದರಲ್ಲಿ ನೇರ ಉತ್ತರವಿದೆ. ಅದು ದೇವರನ್ನು ನಂಬುವುದಲ್ಲ, ದೇವರನ್ನು ಪರೀಕ್ಷಿಸುವುದು. ಔಷಧಿಯನ್ನು ಉಂಟುಮಾಡಿದವನೂ ದೇವರೇ ಅನ್ನುತ್ತಾರೆ. ಹಾಗಾಗಿ ಮಾತ್ರೆಯೋ ವಾಕ್ಯವೋ ಅನ್ನುವ ಜಗಳ ಲೂಥರನ್ ಮನೆಯದ್ದಲ್ಲ.

ಇನ್ನು ನಿಮ್ಮ ತಮ್ಮನ ಮಾತು. ಅವರು ಹೇಳಿದ್ದರಲ್ಲಿ ಅರ್ಧ ಪೂರ್ತಿ ನಿಜ. ನಮ್ಮಲ್ಲಿ ವಾಕ್ಯಕ್ಕಿಂತ ಮೇಲೆ ಯಾರೂ ಇಲ್ಲ. ಆದರೆ ಲೂಥರ್ ಆ ಮಾತನ್ನು ಎಲ್ಲಿ ನಿಂತು ಹೇಳಿದರು ಅನ್ನುವುದನ್ನು ನೋಡಬೇಕು. 1521ರ ಏಪ್ರಿಲ್. ವೋರ್ಮ್ಸ್ ನಗರದ ಸಭೆ. ಎದುರಿಗೆ ಚಕ್ರವರ್ತಿ ಐದನೇ ಚಾರ್ಲ್ಸ್. ಬರೆದದ್ದನ್ನೆಲ್ಲ ಹಿಂದಕ್ಕೆ ತಗೋ ಅಂತ ಒತ್ತಾಯ. ಪೋಪರೂ ಸಭಾ ಸಮ್ಮೇಳನಗಳೂ ಎಷ್ಟೋ ಸಲ ತಪ್ಪಿದ್ದುಂಟು, ವಾಕ್ಯದಿಂದಲೋ ಸ್ಪಷ್ಟವಾದ ಕಾರಣದಿಂದಲೋ ನನ್ನ ತಪ್ಪು ತೋರಿಸಿಕೊಡಿ, ನನ್ನ ಮನಸ್ಸಾಕ್ಷಿ ದೇವರ ವಾಕ್ಯಕ್ಕೆ ಸೆರೆಯಾಗಿದೆ ಅಂದರು. ಆ ‘ಸೆರೆ’ ಅನ್ನುವ ಮಾತು ಗಮನಿಸಿ. ವಾಕ್ಯ ಅವರ ಕೈಯಲ್ಲಿರಲಿಲ್ಲ, ಅವರೇ ವಾಕ್ಯದ ಕೈಯಲ್ಲಿದ್ದರು. ಬಲವಿಲ್ಲದವನು ಬಲವಿದ್ದವರ ಮುಂದೆ ಆಡಿದ ಮಾತದು. ಅದೇ ಮಾತನ್ನು ಹಾಸಿಗೆ ಹಿಡಿದ ಒಬ್ಬ ತಾಯಿಯ ತಲೆಯ ಮೇಲೆ ಎತ್ತಿ ಹಿಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಬೋಧಕರು ವಚನ ಓದಿದರು ನಿಜ. ಆದರೆ ಮತ್ತಾಯ 4ರಲ್ಲಿ ಸೈತಾನನೂ ವಚನವನ್ನೇ ಹೇಳುತ್ತಾನೆ. 91ನೇ ಕೀರ್ತನೆಯಿಂದ. ಕರ್ತನು ಅದಕ್ಕೆ ಇನ್ನೊಂದು ವಚನವನ್ನು ಪಕ್ಕಕ್ಕೆ ತಂದಿಡುತ್ತಾನೆ. ನಾವೂ ಹಾಗೇ ಮಾಡೋಣ. ಯಾಕೋಬ 5:15ನ್ನು ಅದರ ಹಿಂದಿನ ವಚನದಿಂದಲೇ ಓದಿ. ರೋಗಿ ಸಭೆಯ ಹಿರಿಯರನ್ನು ಕರೆಯಿಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅನ್ನುತ್ತದೆ. ಪ್ರಾರ್ಥಿಸುವವರು ಯಾರು? ಬಂದ ಹಿರಿಯರು. ನಂಬಿಕೆಯಿಂದ ಮಾಡಬೇಕಾದ ಪ್ರಾರ್ಥನೆಯೂ ಅವರದ್ದೇ. ರೋಗಿಯ ಕೆಲಸ ಕರೆಯಿಸುವುದು, ಅಷ್ಟೇ. ನೀವು ಕರೆಯಿಸಿದಿರಿ. ನಂಬಿಕೆ ಸಾಲದು ಅನ್ನುವ ಮಾತು ಬರಬೇಕಾಗಿದ್ದರೆ ಆ ಬೋಧಕರು ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕಿತ್ತು, ಅಲ್ವಾ?

ಇದರ ಪಕ್ಕಕ್ಕೆ ಯೋಹಾನ 9 ಇಡಿ. ಹುಟ್ಟು ಕುರುಡನನ್ನು ನೋಡಿ ಶಿಷ್ಯರು, ಯಾರ ಪಾಪ, ಇವನದ್ದೋ ಇವನ ತಂದೆತಾಯಿಯದ್ದೋ ಅಂತ ಕೇಳುತ್ತಾರೆ. ಯಾರದ್ದೂ ಅಲ್ಲ ಅನ್ನುತ್ತಾನೆ ಯೇಸು. ಪೌಲನನ್ನೂ ಕೂರಿಸಿ. ಶರೀರದಲ್ಲಿ ನಾಟಿದ ಮುಳ್ಳಿಗಾಗಿ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. ‘ನನ್ನ ಕೃಪೆಯೇ ನಿನಗೆ ಸಾಕು’ ಅನ್ನುವ ಉತ್ತರ ಬಂತು. ಪೌಲನಿಗೆ ನಂಬಿಕೆ ಸಾಲದು ಅನ್ನುವ ಧೈರ್ಯ ಯಾರಿಗಿದೆ?

ಯಾಕೋಬನ ಪತ್ರಿಕೆಗೂ ಲೂಥರಿಗೂ ಅಷ್ಟಕ್ಕಷ್ಟೆ ಅನ್ನುವುದು ನಿಮಗೆ ಗೊತ್ತಿರಬಹುದು. 1522ರ ಜರ್ಮನ್ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಅದನ್ನು ಒಣಹುಲ್ಲಿನ ಪತ್ರಿಕೆ ಅಂದುಬಿಟ್ಟರು. ಅದು ಜಾಸ್ತಿಯೇ ಆಯಿತು ಅನ್ನುವುದು ನನ್ನ ಅಭಿಪ್ರಾಯ. ಕೂಲಿಯವರ ಸಂಬಳ ಹಿಡಿದಿಟ್ಟ ಸಾಹುಕಾರರನ್ನು ಯಾಕೋಬ ಗದರಿಸುವುದನ್ನು ಬೆಂಗಳೂರಿನ ಸಭೆಗಳು ಇನ್ನೂ ಎಷ್ಟೋ ಸಲ ಕೇಳಬೇಕು. ಆದರೂ ಲೂಥರ್ ಆ ಪತ್ರಿಕೆಯನ್ನು ಬೈಬಲ್‌ನಿಂದ ತೆಗೆಯಲಿಲ್ಲ. ಇಷ್ಟವಾಗದ ಪುಟವೂ ಅಲ್ಲೇ ಉಳಿಯಿತು. ಪ್ರತಿ ಪುಸ್ತಕಕ್ಕೂ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: ಇದು ಕ್ರಿಸ್ತನನ್ನು ಮುಂದಿಡುತ್ತದೆಯೇ? ಹಳೆಯ ಒಡಂಬಡಿಕೆಯನ್ನು ಅವರು ಕ್ರಿಸ್ತನು ಮಲಗಿರುವ ಗೋದಲಿಗೆ ಹೋಲಿಸಿದರು. ಗೋದಲಿಯಿಂದ ಒಂದು ಕಟ್ಟಿಗೆ ಕಿತ್ತು ಯಾರನ್ನೋ ಹೊಡೆಯುವುದಕ್ಕಲ್ಲ ಅದು ಇರುವುದು.

ಕ್ಯಾಟೆಕಿಸಂ ಮನುಷ್ಯರು ಬರೆದದ್ದೇ, ಅದರಲ್ಲಿ ಅನುಮಾನವಿಲ್ಲ. ಲೂಥರ್ ಬರೆದದ್ದೆಲ್ಲ ವಾಕ್ಯವೂ ಅಲ್ಲ. 1543ರಲ್ಲಿ ಯೆಹೂದ್ಯರ ಮೇಲೆ ಅವರು ಬರೆದದ್ದು ಘೋರ. ಅಮೆರಿಕದ ಅತಿ ದೊಡ್ಡ ಲೂಥರನ್ ಸಭೆ 1994ರಲ್ಲಿ ಅದನ್ನು ಬಹಿರಂಗವಾಗಿ ತಿರಸ್ಕರಿಸಿತು. ವಾಕ್ಯ ದೊಡ್ಡದು ಅನ್ನುವವರು ಲೂಥರನ್ನೂ ಅದೇ ತಕ್ಕಡಿಯಲ್ಲಿ ಇಡಬೇಕು. ಹಾಗೆ ತೂಗಿ ನೋಡಿದ ಮೇಲೂ ಆ ಸಣ್ಣ ಪುಸ್ತಕವನ್ನು ನಾವು ಇಟ್ಟುಕೊಂಡಿದ್ದೇವೆ. ಯಾಕೆ ಅಂತ ಹೇಳುತ್ತೇನೆ.

ಲೂಥರ್ ಸಾಕ್ಸನಿಯ ಹಳ್ಳಿಗಳನ್ನು ಸುತ್ತಿದರು. ಜನರಿಗೆ ದಶಾಜ್ಞೆಯೂ ಬಾರದು, ಕೆಲವು ಪಾದ್ರಿಗಳಿಗೆ ಕಲಿಸಲೂ ಬಾರದು. ಅದನ್ನು ಕಂಡು ನೊಂದು 1529ರಲ್ಲಿ ಸಣ್ಣ ಕ್ಯಾಟೆಕಿಸಂ ಬರೆದರು. ಮನೆಯ ಯಜಮಾನ ಮನೆಯವರಿಗೆ ಕಲಿಸಲಿ ಅಂತ. ನಮ್ಮ ಮನೆಯಲ್ಲಿ ಆ ಯಜಮಾನಿ ನಮ್ಮಜ್ಜಿ. ಮುದ್ದೆ ತಿರುವುತ್ತಾ, ಒಲೆಯ ಕಡೆಯಿಂದ ಮುಖ ತಿರುಗಿಸದೆಯೇ ‘ಇದರ ಅರ್ಥವೇನು?’ ಅನ್ನುತ್ತಿದ್ದರು. ನಾವು ಮೂರು ಮಕ್ಕಳು ಗೋಡೆಗೆ ಒರಗಿ ಉತ್ತರ ಒಪ್ಪಿಸಬೇಕು. ವಿಶ್ವಾಸ ಪ್ರಮಾಣದ ಮೂರನೇ ಭಾಗಕ್ಕೆ ಬಂದರೆ ಅಜ್ಜಿ ಕೋಲು ನಿಲ್ಲಿಸುತ್ತಿದ್ದರು, ಮುದ್ದೆ ಗಂಟಾದರೂ ಸರಿ. ಪವಿತ್ರಾತ್ಮನ ಕುರಿತಾದ ಭಾಗ ಅದು. ನನ್ನ ಸ್ವಂತ ಬುದ್ಧಿಯಿಂದಾಗಲಿ ಬಲದಿಂದಾಗಲಿ ಯೇಸು ಕ್ರಿಸ್ತನನ್ನು ನಂಬಲಾರೆ, ಪವಿತ್ರಾತ್ಮನೇ ಸುವಾರ್ತೆಯ ಮೂಲಕ ನನ್ನನ್ನು ಕರೆದಿದ್ದಾನೆ ಅಂತ ಅದರ ಅರ್ಥ. ಆಗ ಸುಮ್ನೆ ಗಿಳಿಪಾಠ ಒಪ್ಪಿಸುತ್ತಿದ್ದೆ. ಅಜ್ಜಿ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ, ನಮ್ಮ ಹೆಸರುಗಳೇ ಅವರಿಗೆ ಮರೆತುಹೋಗಿದ್ದಾಗ, ಆ ಮಾತು ಏನೆಂದು ನನಗೆ ತಿಳಿಯಿತು.

ನಂಬಿಕೆ ನಮ್ಮ ಬಲದಿಂದ ಬಂದದ್ದೇ ಅಲ್ಲ ಅಂದಮೇಲೆ ನಿಮ್ಮ ಅಮ್ಮನಿಗೆ ಅದು ಎಷ್ಟಿದೆ ಅಂತ ಅಳೆಯುವವರು ಯಾರು? ಅವರಿಗೆ ದೀಕ್ಷಾಸ್ನಾನ ಕೊಟ್ಟ ದಿನ ದೇವರು ಆಡಿದ ಮಾತು ಅವರ ಬಲಗೈ ಬಿದ್ದುಹೋದ ದಿನ ಸುಳ್ಳಾಗಲಿಲ್ಲ. ನಿಮ್ಮ ತಮ್ಮನಿಗೂ ಇದನ್ನು ಓದಿ ಹೇಳಿ. ಅವರು ವಾಕ್ಯವನ್ನು ಪ್ರೀತಿಸುತ್ತಾರೆ ಅನ್ನುವುದು ಸ್ಪಷ್ಟ, ಅವರೊಂದಿಗೆ ಮುನಿಸು ಬೇಡ.

ಇನ್ನೊಂದು ವಿಷಯ. ಲೂಥರರ ಮಗಳು ಎಲಿಜಬೆತ್ 1528ರಲ್ಲಿ ಎಂಟು ತಿಂಗಳ ಕೂಸಾಗಿದ್ದಾಗ ತೀರಿಹೋಯಿತು. 1542ರಲ್ಲಿ ಹದಿಮೂರು ವರ್ಷದ ಮಗ್ದಲೇನಾ ಅಪ್ಪನ ತೋಳಿನಲ್ಲೇ ಪ್ರಾಣ ಬಿಟ್ಟಳು. ಹಾಸಿಗೆಯ ಪಕ್ಕ ಮೊಣಕಾಲೂರಿ ಅಳುತ್ತಾ ಪ್ರಾರ್ಥಿಸಿದ್ದ ಅಪ್ಪ.

ಇವತ್ತು ರಾತ್ರಿ ಮಾತ್ರೆ ಕೊಟ್ಟ ಮೇಲೆ ಅಮ್ಮನಿಗೆ ಯೋಹಾನ 9ರ ಮೊದಲ ಏಳು ವಚನ ಓದಿ. ಅವರು ಓದುತ್ತಿದ್ದ ಹಳೆಯ ಸತ್ಯವೇದದಿಂದಲೇ ಓದಿ, ಆ ಮಾತುಗಳು ಅವರ ಕಿವಿಗೆ ಪರಿಚಯ. ಆಮೇಲೆ ಕರ್ತನ ಪ್ರಾರ್ಥನೆ ಹೇಳಿ. ನಿಮ್ಮ ವೇಗದಲ್ಲಿ ಬೇಡ, ಅವರ ತುಟಿ ಅಲುಗುವ ವೇಗದಲ್ಲಿ.