ಆರ್ಕ್ಟಿಕ್‌ಗೆ ಸಣ್ಣ ಹಾಯಿದೋಣಿ: ಬರಪೊಳೆ ಅನುಭವ ಸಾಕಾ?

ಕೊಡಗಿನ ಬರಪೊಳೆ ನದಿಯಲ್ಲಿ ನಾಲ್ಕು ಸಲ ರಾಫ್ಟಿಂಗ್ ಮಾಡಿದ್ದೀರಿ, ಆರ್ಕ್ಟಿಕ್‌ನಲ್ಲಿರುವ ನಾರ್ವೆಯ ದ್ವೀಪಗಳಾದ ಸ್ವಾಲ್ಬಾರ್ಡ್‌ಗೆ ಹಾಯಿದೋಣಿಯಲ್ಲಿ ಹೋಗಬಹುದಾ, ಯಾವ ದೋಣಿ ಒಳ್ಳೆಯದು ಅಂತ ಕೇಳಿದ್ದೀರಿ. ಹೋಗಬಹುದು. ದೋಣಿ ಆಮೇಲೆ ನೋಡಿ, ಮೊದಲು ಸ್ಕಿಪ್ಪರ್ (ದೋಣಿ ನಡೆಸುವವರು) ಯಾರು ಅಂತ ನೋಡಿ.

ನಾನು ಒಂದು ಜುಲೈನಲ್ಲಿ ಅಲ್ಲಿನ ಮುಖ್ಯ ಊರು ಲಾಂಗಿಯರ್‌ಬೈನ್‌ನಿಂದ ಹತ್ತು ದಿನ ಹೋಗಿದ್ದೆ. 12 ಮೀಟರ್ ದೋಣಿ, ಆರು ಜನ. ಸಿದ್ದಾಪುರದಲ್ಲಿ ಮಳೆ ಸುರಿಯುವಾಗ ತೋಟದಲ್ಲಿ ಕೊಯ್ಲು ಇರುವುದಿಲ್ಲ, ಅಲ್ಲಿ ಅದೇ ಸೀಸನ್, ಹಾಗಾಗಿ ನಮಗೆ ಅನುಕೂಲ. ಅದಕ್ಕೂ ಹಿಂದಿನ ವರ್ಷ ಒಬ್ಬರು "80 ಡಿಗ್ರಿ ಉತ್ತರ ಅಕ್ಷಾಂಶ ಖಂಡಿತ ಮುಟ್ಟಿಸುತ್ತೇವೆ" ಅಂದಿದ್ದರು, ನಂಬಿ ಅಡ್ವಾನ್ಸ್ ಕಳೆದುಕೊಂಡೆ. ಎಲ್ಲಿವರೆಗೆ ಹೋಗಬೇಕು ಅಂತ ಅಲ್ಲಿ ತೀರ್ಮಾನ ಮಾಡುವುದು ಮಂಜುಗಡ್ಡೆ. ಆದ್ದರಿಂದ ಸ್ಕಿಪ್ಪರ್‌ಗೆ ಎರಡೇ ಪ್ರಶ್ನೆ ಕೇಳಿ: ಈ ನೀರಲ್ಲಿ ಎಷ್ಟು ಬೇಸಿಗೆ ಕಳೆದಿದ್ದೀರಿ, ಕೊನೆಯ ಸಲ ಅರ್ಧದಲ್ಲೇ ವಾಪಸ್ ಬಂದಿದ್ದು ಯಾಕೆ? ವಾಪಸ್ ಬಂದೇ ಇಲ್ಲ ಅನ್ನುವವರ ಜೊತೆ ಹೋಗಬೇಡಿ.

ರಾಫ್ಟಿಂಗ್‌ನಲ್ಲಿ ನೀರಿಗೆ ಬಿದ್ದರೆ ನಗು ಬರುತ್ತದೆ, ಅಲ್ವಾ? ಅಲ್ಲಿ ಹಾಗಲ್ಲ. 1-10-1 ಅಂತ ಒಂದು ಅಂದಾಜು ಲೆಕ್ಕ ಕಲಿಸುತ್ತಾರೆ. ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ತರಬೇಕು, ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ, ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಡೆಕ್ ಮೇಲೆ ಬಂದ ಕೂಡಲೇ ಮೈಗೆ ಕಟ್ಟಿದ ಸುರಕ್ಷಾ ಪಟ್ಟಿಯ ಹಗ್ಗವನ್ನು ದೋಣಿಗೆ ಕ್ಲಿಪ್ ಮಾಡಿ, ಸಮುದ್ರ ಕೆರೆ ಥರ ಸುಮ್ನೆ ಇದ್ದರೂ ಸರಿ.

ಒಂದು ರಾತ್ರಿ (ಗಡಿಯಾರದಲ್ಲಿ ರಾತ್ರಿ ಎರಡು ಗಂಟೆ, ಸೂರ್ಯ ಮುಳುಗಿರಲೇ ಇಲ್ಲ) ತೇಲಿ ಬರುವ ಮಂಜುಗಡ್ಡೆ ನೋಡಿಕೊಳ್ಳುವ ಕಾವಲು ನನ್ನದು. ಹಿಮನದಿಯಿಂದ ಕಳಚಿದ ಒಂದು ತುಂಡು ಲಂಗರಿನ ಸರಪಳಿಗೆ ಬಂದು ಒರಗಿತು. ಮೇಲೆ ಕಾಣುತ್ತಿದ್ದದ್ದು ಅಡುಗೆ ಮೇಜಿನಷ್ಟು, ನೀರೊಳಗೆ ಜೀಪಿನಷ್ಟು. ಉದ್ದ ಕೋಲಿನಿಂದ ತಳ್ಳಿದೆ, ಅಲುಗಲಿಲ್ಲ. ಗ್ಲೌಸ್ ಒದ್ದೆ, ಕೋಲು ಹಿಡಿದಿದ್ದೇನಾ ಇಲ್ಲವಾ ಅಂತ ಕೈಗೇ ಗೊತ್ತಾಗುತ್ತಿರಲಿಲ್ಲ. ನಾನೇ ನಿಭಾಯಿಸೋಣ ಅಂತ ಐದು ನಿಮಿಷ ಹಾಳು ಮಾಡಿದೆ. ಆಮೇಲೆ ಸ್ಕಿಪ್ಪರ್‌ನ ಎಬ್ಬಿಸಿದೆ. ಅವರು ಬಂದು ಒಮ್ಮೆ ನೋಡಿದರು, ಸರಪಳಿ ಸಡಿಲಿಸಿದರು, ತುಂಡು ತಾನೇ ಜಾರಿ ಹೋಯಿತು. ಬೈದಿದ್ದು ತಡವಾಗಿ ಎಬ್ಬಿಸಿದ್ದಕ್ಕೆ ಮಾತ್ರ.

ಹತ್ತಿ ಬಟ್ಟೆ ಒಂದೂ ಬೇಡ, ಉಣ್ಣೆ ಒಯ್ಯಿರಿ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಬಟ್ಟೆ ಒಣಗುವುದು ಒಲೆ ಮೇಲೆ ತಾನೇ, ದೋಣಿಯಲ್ಲಿ ಅದೂ ಕಷ್ಟ. ಗ್ಲೌಸ್ ಮೂರು ಜೊತೆಯಾದರೂ ಇರಲಿ.

ಊರಿನಾಚೆ ಹಿಮಕರಡಿಯನ್ನು ಹೆದರಿಸಿ ಓಡಿಸುವ ಸಾಧನ ಜೊತೆಗಿರಲೇಬೇಕು. ಮನೆಯಲ್ಲಿ ಕೋವಿ ಇದೆ ಅನ್ನುವ ಧೈರ್ಯ ಅಲ್ಲಿ ನಡೆಯಲ್ಲ, ಬಂದೂಕಿನ ಜವಾಬ್ದಾರಿ ಸ್ಕಿಪ್ಪರ್‌ಗೇ ಬಿಡಿ. 2025ರಿಂದ ಕರಡಿಗೆ ಕನಿಷ್ಠ 300 ಮೀಟರ್ ದೂರ ಇರಬೇಕು, ಮಾರ್ಚ್‌ನಿಂದ ಜೂನ್ ಕೊನೆವರೆಗೆ 500. ಫೋಟೋ ಚಿಕ್ಕದಾಗಿ ಬರುತ್ತದೆ, ಬರಲಿ ಬಿಡಿ.

ವೀಸಾ ವಿಷಯ ಮರೆಯಬೇಡಿ. ಸ್ವಾಲ್ಬಾರ್ಡ್‌ಗೆ ವೀಸಾ ಬೇಕಿಲ್ಲ, ಆದರೆ ಅದು ಷೆಂಗೆನ್‌ನ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಹೊರಗಿದೆ. ನಾರ್ವೆಯ ಮುಖ್ಯ ಭೂಭಾಗದ ಮೂಲಕ ಹೋಗಿ ಬರಬೇಕಾದರೆ ಎರಡು ಸಲ ಪ್ರವೇಶ ಇರುವ ಷೆಂಗೆನ್ ವೀಸಾ ಬೇಕು. ಒಂದೇ ಸಲದ್ದು ತೆಗೆದುಕೊಂಡರೆ ವಾಪಸ್ ಬರುವಾಗ ಸಿಕ್ಕಿಹಾಕಿಕೊಳ್ಳುತ್ತೀರಿ.

ಅದಕ್ಕೂ ಮೊದಲು ಗೋವಾದಲ್ಲೋ ಮುಂಬೈಯಲ್ಲೋ ಒಂದು ವಾರ ಹಾಯಿ ಕಲಿಯಿರಿ. ನಿಮಗೆ ಕಡಲಲ್ಲಿ ವಾಂತಿ ಬರುತ್ತದಾ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ನನಗೆ ಮೊದಲ ಎರಡು ದಿನ ಶುಂಠಿ ಬಿಟ್ಟರೆ ಬೇರೇನೂ ಇಳಿಯಲಿಲ್ಲ.