ಶೇ 20ರ ಜೊತೆ ಶೇ 10 ಸೇರಿದರೆ 30 ಯಾಕಲ್ಲ?

ಪ್ರಶ್ನೆ: ಮಗಳು ಎಂಟನೇ ಕ್ಲಾಸ್. ಹೋಮ್‌ವರ್ಕಿನಲ್ಲಿ ಮೂರು ಲೆಕ್ಕ ತಪ್ಪಾಗಿವೆ. 2⁰ ಅಂದರೆ 0 ಅಂತ ಬರೆದಿದ್ದಾಳೆ. 2,000 ರೂಪಾಯಿ ಸೀರೆಗೆ ಶೇ 20 ರಿಯಾಯಿತಿ, ಅದಾದ ಮೇಲೆ ಇನ್ನೊಂದು ಶೇ 10. ಒಟ್ಟು ಶೇ 30 ಅಂದಿದ್ದಾಳೆ. ಎರಡು ನಾಣ್ಯ ಚಿಮ್ಮಿದರೆ ಒಂದು ಹೆಡ್, ಒಂದು ಟೇಲ್ ಬರುವ ಸಂಭವನೀಯತೆ 1/3 ಅಂತೆ. ನಿಜ ಹೇಳಬೇಕೆಂದರೆ ನನಗೆ ಮೂರೂ ಸರಿ ಅನ್ನಿಸಿತು!
– ಒಬ್ಬ ತಾಯಿ, ರಾಜಾಜಿನಗರ

ಉತ್ತರ: ಘಾತಾಂಕದ್ದು ಬೇಗ ಮುಗಿಯುತ್ತದೆ, ಅದನ್ನೇ ಮೊದಲು ನೋಡೋಣ. ಒಂದರ ಕೆಳಗೊಂದು ಬರೆಸಿ: 2⁴ ಅಂದರೆ 16, 2³ ಅಂದರೆ 8, 2² ಅಂದರೆ 4, 2¹ ಅಂದರೆ 2. ಒಂದೊಂದು ಸಾಲು ಇಳಿದಾಗಲೂ ಅರ್ಧ ಆಗುತ್ತಿದೆ, ಅಲ್ವಾ? 2ರ ಅರ್ಧ 1. ಹಾಗಾಗಿ 2⁰ = 1. ಇನ್ನೊಂದು ಸಾಲು ಇಳಿದರೆ 2⁻¹, ಅಂದರೆ 1/2. ಹಾಗೇ 2³ಕ್ಕೆ 6 ಅಂತ ಬರೆಯುವ ಚಾಳಿ ಇದೆಯಾ ಅಂತಲೂ ಒಮ್ಮೆ ನೋಡಿಬಿಡಿ.

ಇನ್ನು ಸೀರೆ. ಇದರಲ್ಲಿ ಮಕ್ಕಳಷ್ಟೇ ಅಲ್ಲ, ಚಿಕ್ಕಪೇಟೆಯಲ್ಲಿ ಗಂಟೆಗಟ್ಟಲೆ ಚೌಕಾಸಿ ಮಾಡುವ ಜಾಣರೂ ಎಡವುತ್ತಾರೆ. 2,000ದಲ್ಲಿ ಶೇ 20 ಅಂದರೆ 400 ಹೋಯಿತು, ಉಳಿದದ್ದು 1,600. ಎರಡನೇ ಶೇ 10 ಲೆಕ್ಕ ಹಾಕುವುದು ಈ 1,600ಕ್ಕೆ, ಹಳೇ 2,000ಕ್ಕಲ್ಲ. ಅಂದರೆ 160. ಕೊಡಬೇಕಾದ್ದು 1,440. ಕಡಿಮೆಯಾದದ್ದು 560, ಅಂದರೆ ಶೇ 28. ಮಜಾ ಏನೆಂದರೆ ಮೊದಲು ಶೇ 10 ಕಳೆದು ಆಮೇಲೆ ಶೇ 20 ಕಳೆದರೂ 1,440ಕ್ಕೇ ಬಂದು ನಿಲ್ಲುತ್ತದೆ, ಯಾಕೆಂದರೆ ಶೇ 20 ಕಳೆದರೆ ಉಳಿಯುವುದು 0.8 ಪಾಲು, ಶೇ 10 ಕಳೆದರೆ 0.9 ಪಾಲು; 0.8ನ್ನು 0.9ರಿಂದ ಗುಣಿಸಿದರೂ, ತಿರುಗಿಸಿ ಗುಣಿಸಿದರೂ 0.72 ತಾನೇ? ಬೇಕಿದ್ದರೆ ಅವಳ ಕೈಲೇ ಮಾಡಿಸಿ ನೋಡಿ.

ಇದು ಏರಿಕೆಯಲ್ಲೂ ಹೀಗೇ. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. 60ರ ಮೇಲೆ 30 ಜಾಸ್ತಿ, ಅಂದರೆ ಶೇ 50 ಏರಿಕೆ. ಈಗ ಅದು ವಾಪಸ್ 60 ಆಗಬೇಕು ಅಂದುಕೊಳ್ಳಿ (ಆಸೆಗೆ ಕಾಸು ಕೊಡಬೇಕಾ!), ಎಷ್ಟು ಇಳಿಸಬೇಕು? ಶೇ 50 ಅಲ್ಲ. 90ರಲ್ಲಿ ಶೇ 50 ಇಳಿಸಿದರೆ 45 ಆಗಿಬಿಡುತ್ತದೆ. ಇಳಿಸಬೇಕಾದ್ದು 90ರಲ್ಲಿ 30, ಅಂದರೆ ಶೇ 33 ಚಿಲ್ಲರೆ. ಅದೇ ಮೂವತ್ತು ರೂಪಾಯಿ, ಆದರೆ ಕೆಳಗಿರುವ ಸಂಖ್ಯೆ ಬೇರೆ. ಆದ್ದರಿಂದ ಶೇಕಡ ಲೆಕ್ಕ ಬಂದಾಗಲೆಲ್ಲ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ‘ಎಷ್ಟರಲ್ಲಿ?’ ಅಂತ ಬರೆದು, ಉತ್ತರ ತುಂಬಿಸಿದ ಮೇಲೇ ಮುಂದೆ ಹೋಗಲಿ. ಸೂತ್ರ ಸುಮ್ನೆ ಬಾಯಿಪಾಠ ಮಾಡಿಸುವುದಕ್ಕಿಂತ ಇದು ಎಷ್ಟೋ ವಾಸಿ.

ನಾಣ್ಯದ ಲೆಕ್ಕಕ್ಕೆ ಮಗಳನ್ನು ಬೈಯಬೇಡಿ. ಫ್ರಾನ್ಸಿನ ದೊಡ್ಡ ಗಣಿತಜ್ಞ ಡಾಲಂಬೇರ್ ಕೂಡ 1754ರಲ್ಲಿ ಇಂಥದ್ದೇ ಗುಂಡಿಗೆ ಬಿದ್ದಿದ್ದರು. ಎರಡು ಸಲ ಚಿಮ್ಮಿದಾಗ ಒಂದಾದರೂ ಹೆಡ್ ಬೀಳುವ ಸಂಭವನೀಯತೆ 2/3 ಅಂತ ವಾದಿಸಿದ್ದರು, ಸರಿ ಉತ್ತರ 3/4. ನಿಮ್ಮ ಮಗಳು ಎರಡೂ ಹೆಡ್, ಎರಡೂ ಟೇಲ್, ಒಂದೊಂದು ಅಂತ ಮೂರೇ ಗುಂಪು ಮಾಡಿದ್ದಾಳೆ. ಗುಂಪು ಮೂರು ನಿಜ, ಆದರೆ ಮೂರೂ ಸಮ ಅಲ್ಲ. ಅವಳ ಕೈಗೆ ಒಂದು ರೂಪಾಯಿಯದೊಂದು, ಐದು ರೂಪಾಯಿಯದೊಂದು ನಾಣ್ಯ ಕೊಡಿ. ಒಂದರಲ್ಲಿ ಹೆಡ್ ಐದರಲ್ಲಿ ಟೇಲ್ ಬೀಳುವುದು ಬೇರೆ, ಒಂದರಲ್ಲಿ ಟೇಲ್ ಐದರಲ್ಲಿ ಹೆಡ್ ಬೀಳುವುದು ಬೇರೆ. ಒಟ್ಟು ನಾಲ್ಕು ಸಾಧ್ಯತೆ, ಅದರಲ್ಲಿ ನಮಗೆ ಬೇಕಾದವು ಎರಡು. 2/4 ಅಂತ ಬರೆದು ಅಲ್ಲಿಗೇ ಬಿಡುವುದು ಬೇಡ, 1/2 ಅಂತ ಸುಲಭ ರೂಪಕ್ಕೆ ತರಲಿ. ಅದಕ್ಕೂ ಅರ್ಧ ಮಾರ್ಕ್ ಕತ್ತರಿಸುವ ಟೀಚರ್‌ಗಳಿದ್ದಾರೆ.